ಶಾಲೆಯಲ್ಲಿ ಮಕ್ಕಳ ಜೊತೆ ಪ್ರಾರ್ಥನೆ: ತಯಾರಿ ಹೇಗೆ, ನಡೆಸುವುದು ಹೇಗೆ

"ಮಿಸ್, ಮುಂದಿನ ವಾರ ಪ್ರಾರ್ಥನೆ ನಿಮ್ಮ ಕ್ಲಾಸಿನದ್ದು." ಮೈಸೂರು, ಮಂಡ್ಯ ಕಡೆಯ ಕಥೋಲಿಕ ಶಾಲೆಗೆ ಹೊಸದಾಗಿ ಸೇರಿದವರಿಗೆ ಈ ಮಾತು ಮೊದಲ ತಿಂಗಳಲ್ಲೇ ಬರುತ್ತದೆ. ಹೇಳಿದವರು ಹೇಳಿ ಹೋಗಿಬಿಡುತ್ತಾರೆ. ಎಷ್ಟು ಹೊತ್ತು, ಏನು ಓದಬೇಕು, ಯಾರು ಓದಬೇಕು, ಬೇರೆ ಧರ್ಮದ ಮಕ್ಕಳು ಏನು ಮಾಡಬೇಕು ಅಂತ ಕೇಳಿದರೆ "ಹೋದ ಸಲ ಮಾಡಿದ ಹಾಗೇ ಮಾಡಿ" ಅನ್ನುತ್ತಾರೆ. ಹೋದ ಸಲ ನೀವು ಅಲ್ಲಿ ಇರಲೇ ಇಲ್ಲ.

ನಾನು ಮೊದಲ ಸಲ ನಡೆಸಿದ ಪ್ರಾರ್ಥನೆ ನಲವತ್ತು ನಿಮಿಷ ಹಿಡಿಯಿತು. ನಾಲ್ಕು ಹಾಡು, ಒಂದು ಡ್ಯಾನ್ಸ್, ಒಂದು ಪುಟ್ಟ ನಾಟಕ, ಮೂರು ಬೈಬಲ್ ವಾಚನ, ಅದರ ಮೇಲೆ ನನ್ನದೊಂದು ಭಾಷಣ. ಮಕ್ಕಳು ಹದಿನೈದು ದಿನ ಅಭ್ಯಾಸ ಮಾಡಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಕ್ಲಾಸಿಗೆ ಬಂದು "ಇವತ್ತು ದೇವರ ಹತ್ತಿರ ಏನು ಕೇಳಿಕೊಂಡಿರಿ?" ಅಂತ ಕೇಳಿದೆ. ಮುಂದಿನ ಬೆಂಚಿನ ಹುಡುಗಿ "ಕೇಳ್ಕೊಳ್ಳೋಕೆ ಟೈಮ್ ಎಲ್ಲಿತ್ತು ಮಿಸ್, ನಾನು ಡ್ಯಾನ್ಸಲ್ಲಿ ಇದ್ದೆ" ಅಂದಳು. ದೂರು ಹೇಳಲಿಲ್ಲ ಅವಳು, ಇದ್ದದ್ದನ್ನು ಹೇಳಿದಳು. ಅವತ್ತಿನಿಂದ ಯಾವ ಪ್ರಾರ್ಥನೆಗೆ ತಯಾರಿ ಮಾಡಿದರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಇದರಲ್ಲಿ ಮಗುವಿಗೆ ದೇವರ ಜೊತೆ ಇರಲು ಜಾಗ ಎಲ್ಲಿದೆ? ಕೆಳಗೆ ಬರೆದಿರುವ ಹೆಜ್ಜೆಗಳೆಲ್ಲ ಆ ಜಾಗ ಮಾಡಿಕೊಡುವುದಕ್ಕೇ.

ಮೊದಲು ನೋಡಿಕೊಳ್ಳಿ: ಯಾವ ಪ್ರಾರ್ಥನೆ, ಯಾರು ಸೇರುತ್ತಾರೆ

ಶಾಲೆಯ ಪ್ರಾರ್ಥನೆ ಎಲ್ಲ ಒಂದೇ ಥರ ಇರುವುದಿಲ್ಲ. ಬೆಳಿಗ್ಗೆ ಇಡೀ ಶಾಲೆ ಮೈದಾನದಲ್ಲಿ ನಿಲ್ಲುವ ಪ್ರಾರ್ಥನೆ ಒಂದು. ಕ್ಲಾಸಿನೊಳಗೆ ಮೂವತ್ತು ನಲವತ್ತು ಮಕ್ಕಳ ಜೊತೆ ಮಾಡುವುದು ಇನ್ನೊಂದು. ಕಥೋಲಿಕ ಮಕ್ಕಳಿಗೆ ಮಾತ್ರ ನಡೆಸುವ ಜಪಸರ (ರೋಸರಿ), ಶಿಲುಬೆ ಹಾದಿ (ಯೇಸುವಿನ ಕೊನೆಯ ಪಯಣ ನೆನೆಯುವ ಪ್ರಾರ್ಥನೆ), ಬಲಿಪೂಜೆ (ಫಾದರ್ ನಡೆಸುವ ಮಾಸ್) ಮತ್ತೊಂದು. ಒಂದಕ್ಕೆ ಮಾಡಿದ ತಯಾರಿಯನ್ನು ಇನ್ನೊಂದಕ್ಕೆ ತಂದು ಹಾಕಿದರೆ ಎರಡೂ ಕೆಡುತ್ತವೆ.

ನಮ್ಮ ಶಾಲೆಗಳಲ್ಲಿ ಹಿಂದೂ, ಮುಸ್ಲಿಂ, ಜೈನ ಮನೆಯ ಮಕ್ಕಳು ಇರುತ್ತಾರೆ, ಎಷ್ಟೋ ಕಡೆ ಅವರೇ ಜಾಸ್ತಿ. ಸಂವಿಧಾನದ 28(3)ನೇ ವಿಧಿ ಇಲ್ಲಿ ಸ್ಪಷ್ಟವಾಗಿದೆ. ಸರ್ಕಾರದ ಮಾನ್ಯತೆ ಇರುವ ಅಥವಾ ಸರ್ಕಾರದ ಹಣ ಪಡೆಯುವ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆ ಇಲ್ಲದೆ ಧಾರ್ಮಿಕ ಆರಾಧನೆಗೆ ಕೂರಿಸುವ ಹಾಗಿಲ್ಲ. ಕಥೋಲಿಕ ಧರ್ಮಸಭೆಯ ಮಾತೂ ಹಾಗೇ ಇದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯ ಶಿಕ್ಷಣ ವಿಭಾಗ 2024ರಲ್ಲಿ ಶಾಲೆಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ, ಬೇರೆ ಧರ್ಮದ ಮಕ್ಕಳ ಮೇಲೆ ನಮ್ಮ ಆಚರಣೆಗಳನ್ನು ಹೇರಬೇಡಿ, ಬೆಳಗಿನ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ ಅಂತ ಹೇಳಿದೆ. ಕರ್ನಾಟಕದಲ್ಲಿ ಪೀಠಿಕೆ ಓದುವುದನ್ನು ಸರ್ಕಾರ 2023ರಲ್ಲೇ ಶಾಲೆಗಳಿಗೆ ತಂದಿದೆ.

ಹಾಗಾಗಿ ಮೈದಾನದ ಪ್ರಾರ್ಥನೆಯಲ್ಲಿ ಎಲ್ಲ ಮಕ್ಕಳೂ ಮನಸಾರೆ ಹೇಳಬಹುದಾದ ಮಾತುಗಳನ್ನೇ ಇಡಿ. ಕೃತಜ್ಞತೆ, ಕ್ಷಮೆ, ಕಾಯಿಲೆಯವರಿಗೆ, ಮಳೆಗೆ, ಬೆಳೆಗೆ ಬೇಡಿಕೆ. ಶಿಲುಬೆ ಗುರುತು ಮಾಡುವವರು ಮಾಡಲಿ, ಉಳಿದವರು ಸುಮ್ಮನೆ ಕೈಮುಗಿದು ನಿಲ್ಲಲಿ, ಅಥವಾ ಹಾಗೇ ನಿಂತಿರಲಿ. "ನೀನ್ಯಾಕೆ ಮಾಡ್ಲಿಲ್ಲ?" ಅಂತ ಯಾವ ಮಗುವನ್ನೂ ಕೇಳಬೇಡಿ. ಹಾಗಂತ ನಾವು ಯಾರು ಅನ್ನುವುದನ್ನು ಮುಚ್ಚಿಡಬೇಕಾಗಿಲ್ಲ. "ಇದು ಯೇಸುಸ್ವಾಮಿ ಹೇಳಿದ ಕಥೆ, ನಾವು ಕ್ರೈಸ್ತರು ಇದನ್ನು ಹೀಗೆ ನಂಬುತ್ತೇವೆ" ಅಂತ ನೇರವಾಗಿ ಹೇಳಿದರೆ ಯಾವ ತಂದೆ ತಾಯಿಯೂ ಬೇಜಾರು ಮಾಡಿಕೊಂಡದ್ದನ್ನು ನಾನು ನೋಡಿಲ್ಲ. ನಮ್ಮ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರ್. ಈ ಊರಿನ ಮಕ್ಕಳಿಗೆ ಒಬ್ಬರ ದೇವರ ಮನೆಯ ಮುಂದೆ ಇನ್ನೊಬ್ಬರು ಗೌರವದಿಂದ ನಿಲ್ಲುವುದು ಹೊಸದಲ್ಲ.

ವಿಷಯ ಆರಿಸುವುದು: ಎರಡು ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟುಕೊಳ್ಳಿ

ಒಂದು ಧರ್ಮಸಭೆಯದ್ದು, ಒಂದು ಶಾಲೆಯದ್ದು. ಎರಡೂ ಹೊಂದುವುದಿಲ್ಲ, ಅದೇ ಕಷ್ಟ. ಅಕ್ಟೋಬರ್ ಜಪಸರದ ತಿಂಗಳು, ಆದರೆ ದಸರಾ ರಜೆ ಬಂದು ಅರ್ಧ ತಿಂಗಳು ಹೋಗುತ್ತದೆ. ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳು) ಬರುವ ಹೊತ್ತಿಗೆ ಪರೀಕ್ಷೆ. ಪಾಸ್ಖ ಹಬ್ಬ, ಅಂದರೆ ಯೇಸು ಸತ್ತು ಎದ್ದು ಬಂದ ಈಸ್ಟರ್, ಪರೀಕ್ಷೆ ಮತ್ತು ಬೇಸಿಗೆ ರಜೆಯ ನಡುವೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ನಮ್ಮ ಮಕ್ಕಳು ಶಾಲೆಯಲ್ಲಿ ಶಿಲುಬೆಯ ಕಥೆಯನ್ನು ಪ್ರತಿ ವರ್ಷ ಕೇಳುತ್ತಾರೆ, ಪುನರುತ್ಥಾನದ ಕಥೆಯನ್ನು ಕೇಳುವುದೇ ಇಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ. ಪಾಸ್ಖ ಕಾಲ ಐವತ್ತು ದಿನ ಇರುತ್ತದೆ. ಕೆಲವು ವರ್ಷ ಶಾಲೆ ತೆರೆಯುವ ಹೊತ್ತಿಗೂ ಅದು ಮುಗಿದಿರುವುದಿಲ್ಲ, ಮುಗಿದಿದ್ದರೂ ಜೂನ್ ಮೊದಲ ವಾರದಲ್ಲಿ ಖಾಲಿ ಸಮಾಧಿಯ ಕಥೆ ಓದಿದರೆ ಏನೂ ತಪ್ಪಿಲ್ಲ. ಪ್ರತಿ ಭಾನುವಾರವೂ ಪುನರುತ್ಥಾನದ ದಿನವೇ ಅಲ್ವಾ?

ಶಾಲೆ ಶುರುವಾದ ಎರಡು ವಾರಕ್ಕೆ, ಜೂನ್ 13ಕ್ಕೆ, ಸಂತ ಅಂತೋಣಿಯವರ ಹಬ್ಬ. ಅವರ ಪುಣ್ಯಕ್ಷೇತ್ರ ಡೋರನಹಳ್ಳಿಗೆ ಹೋಗಿ ಬಂದ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ, ಕ್ರೈಸ್ತರಲ್ಲದವರೂ. ಹೊಲ ಉಳುವಾಗ ರೈತನಿಗೆ ಸಂತರ ಪ್ರತಿಮೆ ಸಿಕ್ಕಿತು ಅನ್ನುವ ಅಲ್ಲಿನ ಕಥೆಯನ್ನು ಅವರೇ ಹೇಳುತ್ತಾರೆ, ನೀವು ಕೇಳಿಸಿಕೊಂಡರೆ ಸಾಕು. ವರ್ಷದ ಮೊದಲ ಪ್ರಾರ್ಥನೆಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ವಿಷಯ ಒಂದೇ ಇರಲಿ. "ಪ್ರೀತಿ, ಶಾಂತಿ, ಪರಿಸರ ಮತ್ತು ಶಿಸ್ತು" ಅಂತ ನಾಲ್ಕನ್ನು ಕಟ್ಟಿದರೆ ಮಕ್ಕಳ ತಲೆಗೆ ಒಂದೂ ಹೋಗುವುದಿಲ್ಲ.

ಮೇಜು

ಇದಕ್ಕೆ ಐದು ನಿಮಿಷ ಸಾಕು, ಆದರೆ ಬಿಡಬೇಡಿ. ಒಂದು ಸ್ಟೂಲು, ಅದರ ಮೇಲೆ ಆ ಕಾಲದ ಬಣ್ಣದ ಬಟ್ಟೆ: ಆಗಮನ ಕಾಲ (ಕ್ರಿಸ್ಮಸ್‌ಗೆ ಮುಂಚಿನ ವಾರಗಳು) ಮತ್ತು ತಪಸ್ಸುಕಾಲಕ್ಕೆ ನೇರಳೆ, ಕ್ರಿಸ್ಮಸ್ ಮತ್ತು ಪಾಸ್ಖಕ್ಕೆ ಬಿಳಿ, ಪವಿತ್ರಾತ್ಮರ ಹಬ್ಬಕ್ಕೆ ಕೆಂಪು, ಉಳಿದ ಸಾಧಾರಣ ಕಾಲಕ್ಕೆ ಹಸಿರು. ಬ್ಲೌಸ್ ಪೀಸ್ ಆಗುತ್ತದೆ. ಬೈಬಲ್ ತೆರೆದಿರಲಿ, ಪಕ್ಕದಲ್ಲಿ ಶಿಲುಬೆ, ದೀಪ. ಮೊಂಬತ್ತಿಯೇ ಬೇಕು ಅಂತಿಲ್ಲ. ಎಣ್ಣೆ ದೀಪ, ಕೈಮುಗಿಯುವುದು, ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರುವುದು, ಇವಕ್ಕೆಲ್ಲ ಭಾರತದ ಧರ್ಮಸಭೆಗೆ ರೋಮ್‌ನಿಂದ 1969ರಲ್ಲೇ ಒಪ್ಪಿಗೆ ಸಿಕ್ಕಿದೆ. ದೀಪವನ್ನು ಮರಳು ಹಾಕಿದ ತಟ್ಟೆಯಲ್ಲಿಡಿ, ಹಚ್ಚುವ ಮಗುವಿನ ಜಡೆ ಹಿಂದಕ್ಕೆ ಕಟ್ಟಿ, ದುಪಟ್ಟಾ ಸಿಕ್ಕಿಸಿ, ನೀವು ಪಕ್ಕದಲ್ಲೇ ನಿಲ್ಲಿ.

ಇನ್ನೊಂದು ವಸ್ತು, ಆ ದಿನದ ಕಥೆಗೆ ಸೇರಿದ್ದು. ಒಂದೇ ಒಂದು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ನಡೆಸುವ ಕ್ರಮ: ಸೇರುವುದು, ಕೇಳುವುದು, ಉತ್ತರಿಸುವುದು, ಹೊರಡುವುದು

ಬಲಿಪೂಜೆಯ ಅಚ್ಚೇ ಇದು, ಕ್ಲಾಸಿನ ಹತ್ತು ನಿಮಿಷಕ್ಕೂ ಸರಿಹೋಗುತ್ತದೆ. ಎಷ್ಟೋ ದೇಶಗಳ ಕಥೋಲಿಕ ಶಾಲೆಗಳಲ್ಲಿ ಹೀಗೇ ಮಾಡುತ್ತಾರೆ. ಮಕ್ಕಳಿಗೂ ಈ ನಾಲ್ಕು ಪದ ಕಲಿಸಿಬಿಡಿ, ಆರನೇ ಕ್ಲಾಸಿನ ಹೊತ್ತಿಗೆ ಅವರೇ ತಯಾರಿ ಮಾಡುತ್ತಾರೆ.

ಸೇರುವುದು ಅಂದರೆ ಬರೀ ಸಾಲಿನಲ್ಲಿ ನಿಲ್ಲುವುದಲ್ಲ, ಓಡಿ ಬಂದ ಮನಸ್ಸು ನಿಲ್ಲಬೇಕು. ಒಂದು ಹಾಡು, ಎಲ್ಲರಿಗೂ ಬರುವಂಥದ್ದು, ಕನ್ನಡದ್ದು. ಮೊಬೈಲಿನಲ್ಲಿ ಟ್ರ್ಯಾಕ್ ಹಾಕಿ ಅದರ ಹಿಂದೆ ಮಕ್ಕಳನ್ನು ಓಡಿಸಬೇಡಿ, ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ತಾಳಕ್ಕೆ ಕೈಚಪ್ಪಾಳೆ ಸಾಕು. ಆಮೇಲೆ ದೀಪ ಹಚ್ಚಿ, ಯಾರೂ ಮಾತಾಡದೆ ಒಂದು ಉಸಿರು.

ಕೇಳುವುದು ಇದರಲ್ಲಿ ಮುಖ್ಯವಾದದ್ದು. ಶುಭಸಂದೇಶದಿಂದ (ಬೈಬಲಿನಲ್ಲಿ ಯೇಸುವಿನ ಬದುಕು ಹೇಳುವ ಪುಸ್ತಕಗಳಿಂದ) ಒಂದು ಭಾಗ, ಹತ್ತು ವಾಕ್ಯ ಮೀರದ್ದು. ಪುಟ್ಟ ಮಕ್ಕಳಿಗೆ ಮರ ಹತ್ತಿದ ಜಕ್ಕಾಯ (ಲೂಕ 19:1-10), ಬುತ್ತಿ ಕೊಟ್ಟ ಹುಡುಗ (ಯೊವಾನ್ನ 6:5-13), ಬಿರುಗಾಳಿಯಲ್ಲಿ ದೋಣಿ (ಮಾರ್ಕ 4:35-41), ವಾಪಸ್ ಬಂದು ಥ್ಯಾಂಕ್ಸ್ ಹೇಳಿದ ಒಬ್ಬ ಕುಷ್ಠರೋಗಿ (ಲೂಕ 17:11-19) ಒಳ್ಳೆಯ ಆರಂಭ. ಓದುವ ಮಗುವಿಗೆ ಮೂರು ದಿನ ಮುಂಚೆ ಹಾಳೆ ಕೊಡಿ, ದೊಡ್ಡ ಅಕ್ಷರದಲ್ಲಿ, ಉಸಿರು ತೆಗೆದುಕೊಳ್ಳುವ ಕಡೆ ಗೆರೆ ಹಾಕಿ. ಚೆನ್ನಾಗಿ ಓದುವ ಅದೇ ಇಬ್ಬರನ್ನು ವರ್ಷ ಪೂರ್ತಿ ಕರೆಯಬೇಡಿ. ತೊದಲುವ ಹುಡುಗ ನಿಧಾನವಾಗಿ ಓದಿದ ದಿನ ಇಡೀ ಕ್ಲಾಸು ಕಿವಿಗೊಟ್ಟು ಕೇಳಿದ್ದನ್ನು ನಾನು ನೋಡಿದ್ದೇನೆ. ಮುಂದಿನ ಪದ ಏನು ಬರುತ್ತದೋ ಅಂತ ಎಲ್ಲರೂ ಅವನ ಜೊತೆಗೇ ಕಾಯುತ್ತಿದ್ದರು.

ಓದಿದ ಮೇಲೆ ಅರ್ಥ ಹೇಳಲು ಹೊರಡಬೇಡಿ. ಈ ಚಟ ನಮಗೆಲ್ಲ ಇದೆ, ಟೀಚರ್ ಅಂದಮೇಲೆ. ಮಂಡ್ಯದ ಹತ್ತಿರದ ಒಂದು ಶಾಲೆಯಲ್ಲಿ ಐದನೇ ಕ್ಲಾಸಿಗೆ ಬಿತ್ತುವವನ ಸಾಮತಿ ಓದಿದ್ದೆವು, ಅಂದರೆ ಬಂಡೆ, ಮುಳ್ಳು, ಒಳ್ಳೆಯ ನೆಲ ಎಲ್ಲ ಕಡೆ ಬೀಜ ಬಿದ್ದ ಬಗ್ಗೆ ಯೇಸು ಹೇಳಿದ ದೃಷ್ಟಾಂತ ಕಥೆ. ನಾನು ಬಂಡೆ ಅಂದರೆ ಕಲ್ಲು ಮನಸ್ಸು, ಮುಳ್ಳು ಅಂದರೆ ಚಿಂತೆ ಅಂತ ಶುರು ಮಾಡುವ ಮುಂಚೆಯೇ ಒಬ್ಬ ಹುಡುಗ ಎದ್ದು ನಿಂತ. "ಮಿಸ್, ಬಂಡೆ ಮೇಲೆ ಯಾರು ಬೀಜ ಹಾಕ್ತಾರೆ? ನಮ್ಮಪ್ಪ ಒಟ್ಲು ಹಾಕೋವಾಗ ಒಂದು ಕಾಳೂ ಬದುವಿಗೆ ಬೀಳ್ದಂಗೆ ನೋಡ್ಕೋತಾರೆ." ನನಗೆ ಉತ್ತರ ಹೊಳೆಯಲಿಲ್ಲ, ಸುಮ್ಮನಾದೆ. ಆಗ ಹಿಂದಿನ ಸಾಲಿನಿಂದ ಒಬ್ಬಳು ಹೇಳಿದಳು: "ದೇವ್ರ ಹತ್ರ ಬೀಜ ಜಾಸ್ತಿ ಇರುತ್ತೆ ಬಿಡೋ. ಎಲ್ರಿಗೂ ಹಾಕ್ತಾರೆ." ಅವತ್ತು ನಾನು ಬರೆದುಕೊಂಡು ಬಂದಿದ್ದ ವಿವರಣೆಯಲ್ಲಿ ಇದು ಇರಲಿಲ್ಲ. ಈಗ ಓದಿದ ಮೇಲೆ ಒಂದೇ ಪ್ರಶ್ನೆ ಕೇಳುತ್ತೇನೆ: "ನಿಮಗೆ ಇದರಲ್ಲಿ ಏನು ಕಾಣಿಸಿತು?" ಕೇಳಿ, ಕಾಯುತ್ತೇನೆ. ಮೊದಲ ಹದಿನೈದು ಸೆಕೆಂಡು ಯಾರೂ ಬಾಯಿ ಬಿಡುವುದಿಲ್ಲ. ತಡೆದುಕೊಳ್ಳಿ.

ಉತ್ತರಿಸುವುದರಲ್ಲಿ ಎರಡು ಭಾಗ. ಮೊದಲನೆಯದು ಮೌನ. ಮಕ್ಕಳಿಗೆ ಮೌನ ಆಗದು ಅನ್ನುವುದು ಸುಳ್ಳು. ಮಕ್ಕಳ ಬಲಿಪೂಜೆ ಕುರಿತು ರೋಮ್ 1973ರಲ್ಲಿ ಹೊರಡಿಸಿದ ನಿರ್ದೇಶನದಲ್ಲೇ, ಮಕ್ಕಳಿಗೂ ತಮ್ಮ ರೀತಿಯಲ್ಲಿ ಧ್ಯಾನ ಮಾಡಲು ಬರುತ್ತದೆ, ಮೌನಕ್ಕೆ ಜಾಗ ಇಡಿ ಅಂತ ಇದೆ. 1939ರಿಂದ 1946ರವರೆಗೆ ಭಾರತದಲ್ಲಿದ್ದು ಇಲ್ಲಿನ ಟೀಚರ್‌ಗಳಿಗೆ ತರಬೇತಿ ಕೊಟ್ಟ ಇಟಲಿಯ ಶಿಕ್ಷಣತಜ್ಞೆ ಮರಿಯ ಮಾಂಟೆಸೊರಿ ಅವರ ಮೌನದ ಆಟ ಇದಕ್ಕೆ ತುಂಬಾ ಸಹಾಯ. ಎಲ್ಲರೂ ಅಲುಗಾಡದೆ ಕೂರುತ್ತಾರೆ, ಟೀಚರ್ ದೂರದಿಂದ ಪಿಸುಮಾತಿನಲ್ಲಿ ಒಬ್ಬೊಬ್ಬರ ಹೆಸರು ಕರೆಯುತ್ತಾರೆ, ಕೇಳಿಸಿದ ಮಗು ಸದ್ದಿಲ್ಲದೆ ಎದ್ದು ಬರುತ್ತದೆ. ಒಂದೆರಡು ವಾರ ಇದನ್ನು ಆಡಿಸಿ. ಆಮೇಲೆ ಪ್ರಾರ್ಥನೆಯ ಮೌನಕ್ಕೆ "ಕೀಪ್ ಕ್ವಯಟ್" ಅಂತ ಕೂಗುವ ಕೆಲಸ ಇರುವುದಿಲ್ಲ.

ಆ ಒಂದು ವಸ್ತು ಕೆಲಸಕ್ಕೆ ಬರುವುದು ಇಲ್ಲಿ. ಸಾಸಿವೆ ಕಾಳಿನ ಸಾಮತಿ (ಮತ್ತಾಯ 13:31-32) ಓದಿದ ದಿನ ಮನೆಯ ಒಗ್ಗರಣೆ ಡಬ್ಬಿಯಿಂದ ಒಂದು ಚಿಟಿಕೆ ಸಾಸಿವೆ ತಂದಿದ್ದೆ. ಪ್ರತಿ ಮಗುವಿನ ಅಂಗೈಗೆ ಒಂದೇ ಕಾಳು. ಬೆವರಿದ ಕೈಗೆ ಕಾಳು ಅಂಟಿಕೊಳ್ಳುತ್ತದೆ, ಕೆಲವರಿಗೆ ಕೈಗೆರೆಯ ಒಳಗೆ ಇಳಿದು ಕಾಣಿಸದೇ ಹೋಗುತ್ತದೆ. ಮೂವತ್ತೆಂಟು ಮಕ್ಕಳು ಅಂಗೈ ಮೂಗಿನ ಹತ್ತಿರ ಹಿಡಿದು ನೋಡುತ್ತಾ ಕೂತರು. ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುತ್ತದೆ ಅಂತ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದರು. ಒಂದು ನಿಮಿಷ ಅಂದುಕೊಂಡದ್ದು ಮೂರು ನಿಮಿಷ ಆಯಿತು, ಫ್ಯಾನ್ ಸದ್ದು ಬಿಟ್ಟರೆ ಬೇರೇನೂ ಇಲ್ಲ. (ಮುಂದಿನ ಸಲ ಫ್ಯಾನ್ ಆಫ್ ಮಾಡಿ, ಎರಡು ಕಾಳು ನಿಜಕ್ಕೂ ಹಾರಿಹೋದವು, ಹುಡುಕುವ ಗಲಾಟೆ ಬೇರೆ.)

ಎರಡನೆಯದು ಮಕ್ಕಳ ಬೇಡಿಕೆಗಳು. ಪುಸ್ತಕದಲ್ಲಿ ಬರೆದಿಟ್ಟ "ವಿಶ್ವದ ನಾಯಕರಿಗಾಗಿ" ಅನ್ನುವುದನ್ನು ಓದಿಸುವುದಕ್ಕಿಂತ ಚೀಟಿ ಕೊಟ್ಟು ಅವರಿಂದಲೇ ಬರೆಸಿ. "ನಮ್ಮ ಹಸು ಚೆನ್ನಾಗಿ ಕರು ಹಾಕಲಿ." "ಕಬ್ಬಿನ ದುಡ್ಡು ಬೇಗ ಬರಲಿ." "ಅಜ್ಜಿಗೆ ಕಣ್ಣಿನ ಆಪರೇಷನ್ ಇದೆ." ದೇವರ ಹತ್ತಿರ ಹೇಳುವ ಮಾತು ಅಂದರೆ ಇದೇ. ಎಲ್ಲರೂ ಒಟ್ಟಿಗೆ ಹೇಳುವ ಉತ್ತರ ಚಿಕ್ಕದಾಗಿರಲಿ, "ಪ್ರಭುವೇ, ಕೇಳಿ" ಅಂದರೂ ಸಾಕು.

ಆದರೆ ಚೀಟಿಗಳನ್ನು ಒಂದು ದಿನ ಮುಂಚೆ ನೀವು ಓದಲೇಬೇಕು. "ಅಪ್ಪ ಕುಡಿಯೋದು ಬಿಡಲಿ", "ಅಮ್ಮನ್ನ ಹೊಡೀಬಾರದು" ಅಂತ ಬರೆದ ಚೀಟಿಯೂ ಬರುತ್ತದೆ. ಅದನ್ನು ಮೈಕಿನಲ್ಲಿ ಓದಿಸಿದರೆ ಆ ಮಗು ಇನ್ನೆಂದೂ ನಿಜ ಬರೆಯುವುದಿಲ್ಲ. ಮಗುವನ್ನು ಪಕ್ಕಕ್ಕೆ ಕರೆದು "ಇದನ್ನ ನಾನೂ ನೀನೂ ದೇವರಿಗೆ ಹೇಳೋಣ" ಅನ್ನಿ, ದೀಪದ ಕೆಳಗೆ ಮಡಚಿ ಇಡಿ. ಮಗುವಿಗೆ ಏಟು, ಅಪಾಯ ಇದೆ ಅನಿಸಿದರೆ ಪ್ರಾರ್ಥನೆಗೆ ಅಲ್ಲಿಗೇ ನಿಲ್ಲಬೇಡಿ. ಮುಖ್ಯೋಪಾಧ್ಯಾಯರಿಗೆ ಅವತ್ತೇ ತಿಳಿಸಿ, ಬೇಕಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಪ್ರಾರ್ಥನೆಯಲ್ಲಿ ಮಗು ನಮ್ಮನ್ನು ನಂಬಿ ಹೇಳಿದ ಮಾತು ಅದು.

ಬೇಡಿಕೆಗಳಾದ ಮೇಲೆ "ಸ್ವರ್ಗದಲ್ಲಿರುವ ನಮ್ಮ ತಂದೆಯೇ" ಪ್ರಾರ್ಥನೆ, ಕಥೋಲಿಕ ಮಕ್ಕಳಾದರೆ. ನಿಧಾನವಾಗಿ. ನಮ್ಮ ಮಕ್ಕಳು ಅದನ್ನು ಮಗ್ಗಿ ಹೇಳುವ ವೇಗದಲ್ಲಿ ಹೇಳುತ್ತಾರೆ.

ಹೊರಡುವುದು ಅಂದರೆ ಕೈಯಲ್ಲಿ ಒಂದು ಕೆಲಸ ಹಿಡಿದು ಹೋಗುವುದು. "ಒಳ್ಳೆಯವರಾಗಿರಿ" ಅಂದರೆ ಯಾರಿಗೂ ಏನೂ ಹೇಳಿದ ಹಾಗಲ್ಲ. "ಇವತ್ತು ಊಟದ ಹೊತ್ತಿಗೆ ಒಬ್ಬರೇ ಕೂತವರ ಪಕ್ಕ ಹೋಗಿ ಕೂರಿ" ಅನ್ನಿ. ಮಾರನೇ ದಿನ ಕೇಳಿ.

ಬಲಿಪೂಜೆ ಇದ್ದರೆ

ಶಾಲೆಯಲ್ಲಿ ಬಲಿಪೂಜೆ ಇಟ್ಟಾಗ ಎರಡು ವಾರ ಮುಂಚೆ ಫಾದರ್ ಹತ್ತಿರ ಕೂತು ಮಾತಾಡಿ. ಹಿಂದಿನ ದಿನ ಫೋನ್ ಮಾಡಿ "ಫಾದರ್, ಎಲ್ಲ ರೆಡಿ" ಅನ್ನುವುದು ತಯಾರಿ ಅಲ್ಲ. ಆ 1973ರ ನಿರ್ದೇಶನ ಸಾಕಷ್ಟು ಸಡಿಲ ಕೊಟ್ಟಿದೆ, ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ವಾಚನಗಳು ಮಕ್ಕಳಿಗೆ ಕಷ್ಟವಾದರೆ ಎರಡೇ ಅಥವಾ ಒಂದೇ ಓದಬಹುದು, ಶುಭಸಂದೇಶ ಮಾತ್ರ ಬಿಡುವಂತಿಲ್ಲ. ಬೈಬಲ್ ಮಾತನ್ನು ನಮ್ಮ ಮಾತಿನಲ್ಲಿ ತಿರುಗಿಸಿ ಓದುವುದು ಬೇಡ, ಆದರೆ ವಾಚನ ಒಪ್ಪುವಂತಿದ್ದರೆ ಪಾತ್ರಗಳನ್ನು ಹಂಚಿಕೊಂಡು ಓದಬಹುದು. ಪ್ರಬೋಧನೆಯನ್ನು (ವಾಚನದ ನಂತರ ಗುರುಗಳು ಕೊಡುವ ಉಪದೇಶ) ಮಕ್ಕಳ ಜೊತೆ ಸಂಭಾಷಣೆಯಾಗಿ ನಡೆಸಬಹುದು. ಗುರುಗಳಿಗೆ ಮಕ್ಕಳ ಮಟ್ಟಕ್ಕೆ ಮಾತಾಡಲು ಕಷ್ಟವಾದರೆ, ಧರ್ಮಕೇಂದ್ರದ ಗುರುಗಳ ಒಪ್ಪಿಗೆಯಿಂದ ಶುಭಸಂದೇಶದ ನಂತರ ದೊಡ್ಡವರೊಬ್ಬರು ಮಾತಾಡಬಹುದು. ಮಕ್ಕಳಿಗೆಂದೇ ಮೂರು ಪ್ರಸಾದ ಪ್ರಾರ್ಥನೆಗಳು (ರೊಟ್ಟಿ, ದ್ರಾಕ್ಷಾರಸದ ಮೇಲೆ ಗುರುಗಳು ಹೇಳುವ ಮುಖ್ಯ ಪ್ರಾರ್ಥನೆ) 1974ರಲ್ಲಿ ಬಂದಿವೆ, ಬಳಸಬಹುದಾ ಅಂತ ಫಾದರ್ ಅವರನ್ನು ಕೇಳಿ.

ಕಾಣಿಕೆ ಮೆರವಣಿಗೆಗೆ ಫುಟ್‌ಬಾಲ್, ಗ್ಲೋಬು, ಕಂಪ್ಯೂಟರ್ ಕೀಬೋರ್ಡು ಎಲ್ಲ ಎತ್ತಿಕೊಂಡು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಅವನ್ನು ವಾಪಸ್ ಬೀರುವಿಗೆ ಇಡುತ್ತೀರಿ, ಹಾಗಾದರೆ ಕೊಟ್ಟದ್ದು ಏನು? ರೊಟ್ಟಿ, ದ್ರಾಕ್ಷಾರಸ, ಬಡವರ ಮನೆಗೆ ನಿಜವಾಗಿ ಹೋಗುವ ಅಕ್ಕಿ ಬೇಳೆ. ಅಷ್ಟು ಸಾಕು.

ಪರಮಪ್ರಸಾದದ ಹೊತ್ತಿನಲ್ಲಿ, ಅಂದರೆ ಕಥೋಲಿಕರು ಪವಿತ್ರ ರೊಟ್ಟಿ ಸ್ವೀಕರಿಸುವಾಗ, ಗೊಂದಲ ಆಗುತ್ತದೆ. ಮೊದಲ ಪರಮಪ್ರಸಾದ ಆಗದ ಪುಟಾಣಿಗಳು, ಒಪ್ಪಿಗೆ ತಂದು ಬಂದ ಬೇರೆ ಧರ್ಮದ ಮಕ್ಕಳು ಯಾರು ಎಲ್ಲಿ ಕೂರಬೇಕು, ಸಾಲಿನಲ್ಲಿ ಬಂದರೆ ಏನು ಮಾಡಬೇಕು ಅಂತ ಮುಂಚೆಯೇ ಫಾದರ್ ಜೊತೆ ತೀರ್ಮಾನಿಸಿ ಮಕ್ಕಳಿಗೆ ಮೃದುವಾಗಿ ಹೇಳಿಡಿ. ಎಲ್ಲರ ಮುಂದೆ ಮಗುವನ್ನು ಸಾಲಿನಿಂದ ಎಳೆಯುವ ಪರಿಸ್ಥಿತಿ ತಂದುಕೊಳ್ಳಬೇಡಿ.

ವಾರದ ಲೆಕ್ಕ

ಮುಂದಿನ ಸೋಮವಾರದ ಪ್ರಾರ್ಥನೆಗೆ ಈ ಸೋಮವಾರ ನಾಲ್ಕೈದು ಮಕ್ಕಳ ಜೊತೆ ಕೂತು ವಾಚನ ಓದಿ, ಅವರಿಗೆ ಏನನಿಸಿತು ಕೇಳಿ, ಅದರಿಂದಲೇ ವಿಷಯ ತೆಗೆಯಿರಿ. ಬುಧವಾರ ಹಾಳೆಗಳು ಮಕ್ಕಳ ಕೈ ಸೇರಲಿ. ಶುಕ್ರವಾರ ಚೀಟಿ ತೆಗೆದುಕೊಳ್ಳಿ, ಯಾರು ಎಲ್ಲಿ ನಿಲ್ಲಬೇಕು, ಮೈಕ್ ಎಷ್ಟು ದೂರ ಹಿಡಿಯಬೇಕು ಅಂತ ಒಂದು ಸಲ ನಡೆದು ತೋರಿಸಿ. ಪ್ರಾರ್ಥನೆಯನ್ನೇ ಅಭ್ಯಾಸ ಮಾಡಿಸಬೇಡಿ, ನಾಲ್ಕು ಸಲ ಅಭ್ಯಾಸ ಮಾಡಿದ ಪ್ರಾರ್ಥನೆ ಐದನೇ ಸಲ ನಾಟಕವಾಗುತ್ತದೆ. ಕ್ಲಾಸಿನಲ್ಲಿ ಹತ್ತು ನಿಮಿಷ, ಮೈದಾನದಲ್ಲಿ ನಾಡಗೀತೆ, ಪೀಠಿಕೆ ಎಲ್ಲ ಇರುವುದರಿಂದ ಪ್ರಾರ್ಥನೆಗೆ ಐದು ನಿಮಿಷ. ತಿಂಡಿ ತಿನ್ನದೆ ಬಂದ ಮಕ್ಕಳು ಬಿಸಿಲಿನಲ್ಲಿ ನಿಂತಿರುತ್ತಾರೆ ಅನ್ನುವುದನ್ನು ಮರೆಯಬೇಡಿ. ತಲೆ ಸುತ್ತುತ್ತದೆ ಅಂದ ಮಗುವನ್ನು ನೆರಳಿಗೆ ಕಳಿಸಿ ಕೂರಿಸಿ.

ಪ್ರಾರ್ಥನೆ ಮುಗಿದ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆದಿಡಿ: ಯಾವ ವಾಚನ, ಯಾರು ಓದಿದರು, ಯಾವಾಗ ಮಕ್ಕಳು ನಿಜಕ್ಕೂ ಸುಮ್ಮನಾದರು. ನನ್ನ ನೋಟ್‌ಬುಕ್ಕಿನಲ್ಲಿ ಬಿತ್ತುವವನ ಸಾಮತಿಯ ಪುಟದಲ್ಲಿ ಆ ಹುಡುಗಿಯ ಮಾತು ಹಾಗೇ ಇದೆ, ಪಕ್ಕದಲ್ಲಿ ಆ ಹುಡುಗನದ್ದೂ. ಮುಂದಿನ ವರ್ಷ ನಿಮ್ಮ ಕ್ಲಾಸಿಗೆ ಬರುವ ಹೊಸ ಟೀಚರ್‌ಗೆ ಆ ನೋಟ್‌ಬುಕ್ ಕೊಡಿ.